ಕುಟ್ಟಿಚ್ಚಿರದ ಮನೆಯಲ್ಲಿ ಗುಂಯ್ ಸದ್ದು

"ಮೇಸ್ತ್ರಿ ಎಲ್ಲಿ? ಮೊದಲು ಮೇಸ್ತ್ರೀನ ಕರೀರಿ!"

ಹೆಗಲ ಮೇಲೆ ಹೊತ್ತು ತಂದಿದ್ದ ಆಂಪ್ಲಿಫೈಯರನ್ನು ಆ ಯುವಕ ಮೇಜಿನ ಮೇಲೆ ಧೊಪ್ಪೆಂದು ಇಳಿಸಿದ. ಅಲ್ಲಿದ್ದ ಸ್ಕ್ರೂಗಳೆಲ್ಲ ನೆಲಕ್ಕೆ ಉರುಳಿದವು.

ಬೆಸುಗೆ ಹಾಕುತ್ತಿದ್ದ ಜುಮಾನ ತಲೆಯೆತ್ತಿದಳು.

ಅಯ್ಯೋ... ಇದು ನನ್ನ ಸೆಟ್ಟು!

ಹೌದು, ಅವಳದೇ. ಕೋಳಿಕ್ಕೋಡಿನ ಪಾಳಯಂ ಪೇಟೆಯ ಹಿಂದಿನ ಓಣಿಯಲ್ಲಿ ಅವಳ ಉಪ್ಪ, ಅಂದರೆ ಅಪ್ಪ, ಬೀರಾನ್ ನಡೆಸುವ ಅಂಗಡಿ ಅದು. ಹಾಡು ಹೇಗೆ ಕೇಳಿಸಬೇಕು ಎಂದು ಗಿರಾಕಿ ಬಾಯಲ್ಲಿ ಹೇಳಿದರೆ ಸಾಕು, ಅದಕ್ಕೆ ತಕ್ಕ ಸೆಟ್ಟನ್ನು ಅಲ್ಲಿ ಕೈಯಿಂದಲೇ ಕಟ್ಟಿ ಕೊಡುತ್ತಾರೆ. ಹೋದ ವರ್ಷ ಪಾರ್ಶ್ವವಾಯು ಬಡಿದು ಉಪ್ಪನ ಬಲಗೈ ನಡುಗತೊಡಗಿತು. ಅಲ್ಲಿಯವರೆಗೆ ಮಂಜೇರಿಯ ಚಿಕ್ಕಮ್ಮನ ಮನೆಯಲ್ಲಿದ್ದ ಜುಮಾನ ಓಡಿ ಬಂದವಳು ಮತ್ತೆ ವಾಪಸ್ಸು ಹೋಗಲಿಲ್ಲ. ಉಪ್ಪ ಬಾಯಲ್ಲಿ ಹೇಳಿಕೊಟ್ಟರು, ಮಗಳು ಕೈಯಲ್ಲಿ ಕಲಿತಳು. ತಳದಿಂದ ತುದಿಯವರೆಗೆ ಅವಳೊಬ್ಬಳೇ ಕಟ್ಟಿದ ಮೊದಲ ಸೆಟ್ಟು ಈಗ ಹೀಗೆ ಹೆಗಲೇರಿ ವಾಪಸ್ಸು ಬಂದಿದೆ!

"ನಾನೇ ಮೇಸ್ತ್ರಿ. ಏನಾಯ್ತು?" ಎಂದಳು.

ಅವನು ಅವಳನ್ನು ನೋಡಿದ. ಬೆಸುಗೆಯ ಹೊಗೆಗೆ ಕೆಂಪಾದ ಕಣ್ಣು, ತಲೆವಸ್ತ್ರಕ್ಕೆ ಸಿಕ್ಕಿಸಿಕೊಂಡ ಪುಟ್ಟ ಸ್ಕ್ರೂಡ್ರೈವರು... ಬೈಯಲೆಂದು ಎತ್ತಿದ್ದ ಕೈಯನ್ನು ಅವನು ಕೆಳಗಿಳಿಸಿದ.

"ನೀವು... ನೀವಾ?"

"ಯಾಕೆ, ಮೀಸೆ ಇದ್ದೋರೇ ಬೇಕಿತ್ತಾ?"

ಮೂಲೆಯಲ್ಲಿ ಕುಳಿತಿದ್ದ ಬೀರಾನ್ ಕೆಮ್ಮುವ ನೆಪದಲ್ಲಿ ನಕ್ಕರು.

"ಯಾರಾದ್ರೂ ಆಗ್ಲಿ ಬಿಡಿ!" ಅವನಿಗೆ ಮತ್ತೆ ಸಿಟ್ಟು ನೆನಪಾಯಿತು. "ಇದು ಹಾಡ್ತಿಲ್ಲ, ಗೊಣಗ್ತಾ ಇದೆ! ಆನ್ ಮಾಡಿದ ಕೂಡ್ಲೇ ಗುಂಯ್ಯ್... ಅಂತ. ಹಾಡುಗಾರ ಉಸಿರು ತಗೊಳ್ಳೋದು ಕೇಳಿಸಬೇಕು ಅಂತ ಹೇಳಿ ಮಾಡಿಸಿದ್ದು ನಾನು. ಕೇಳಿಸ್ತಿರೋದು ಹಿಟ್ಟಿನ ಗಿರಣಿ!"

ಜುಮಾನಳಿಗೆ ಉರಿದುಹೋಯಿತು. ಹಿಟ್ಟಿನ ಗಿರಣಿಯಂತೆ! ಸೆಟ್ಟಿಗೆ ಸ್ಪೀಕರು ಜೋಡಿಸಿ ಸ್ವಿಚ್ ಒತ್ತಿದಳು.

ನಿಶ್ಶಬ್ದ.

ಅವನು ಮುಂದೆ ಬಂದ. ಬಗ್ಗಿ ಸ್ಪೀಕರಿಗೆ ಕಿವಿಯಿಟ್ಟ. ಮತ್ತೊಂದು ಕಿವಿಯನ್ನೂ ಇಟ್ಟು ನೋಡಿದ.

"ಏನಾದ್ರೂ ಕೇಳಿಸ್ತಾ, ಮುದಲಾಳಿ?" ವ್ಯಾಪಾರಿಗಳನ್ನು ಆ ಊರಿನಲ್ಲಿ ಹಾಗೇ ಕರೆಯುವುದು. ಆದರೆ ಅವಳ ದನಿಯಲ್ಲಿ ಮರ್ಯಾದೆಗಿಂತ ಕುಟುಕೇ ಜಾಸ್ತಿ ಇತ್ತು.

"ಇಲ್ಲಿ... ಇಲ್ಲ. ಆದ್ರೆ ಮನೇಲಿ..."

"ಹಾಗಾದ್ರೆ ರಿಪೇರಿ ಆಗಬೇಕಿರೋದು ನಿಮ್ಮ ಮನೆ. ನನ್ನ ಸೆಟ್ಟಲ್ಲ!"

ಅವನ ಮುಖ ಕೆಂಪಾಯಿತು. ಹೆಸರು ಫಾಯಿಸ್ ಕೋಯ. ವಲಿಯಂಗಾಡಿಯಲ್ಲಿ ಕೊಬ್ಬರಿ ವ್ಯಾಪಾರ, ಕುಟ್ಟಿಚ್ಚಿರದ ಕೆರೆಯ ದಂಡೆಯಲ್ಲಿ ಹಳೇ ದೊಡ್ಡ ಮನೆ, ತಲೆ ತುಂಬ ಹಾಡಿನ ಹುಚ್ಚು. ಇಂಥವನಿಗೆ ತನ್ನ ಮನೆಯನ್ನು ಹಳಿದರೆ ಸುಮ್ಮನಿರಲು ಸಾಧ್ಯವೇ? ಸೆಟ್ಟನ್ನು ಮತ್ತೆ ಹೆಗಲಿಗೇರಿಸಿ ಬಿರಬಿರನೆ ಹೊರಟುಹೋದ.

ಸ್ವಲ್ಪ ಹೊತ್ತಿನಲ್ಲೇ ಅಂಗಡಿಯ ಫೋನು ರಿಂಗಾಯಿತು.

"ಮಾತಾಡಬೇಡಿ. ಸುಮ್ನೆ ಕೇಳಿ!" ಅವನದೇ ದನಿ. ಫೋನನ್ನು ಸ್ಪೀಕರಿನ ಬಾಯಿಗೆ ಹಿಡಿದಿದ್ದ.

ಗುಂಯ್ಯ್ಯ್...

ಜುಮಾನಳ ಮುಖದ ನಗು ಮಾಯವಾಯಿತು. "ಉಪ್ಪಾ... ನಿಜವಾಗ್ಲೂ ಗೊಣಗ್ತಿದೆ!"

"ಹೋಗಿ ನೋಡು ಮೋಳೇ," ಎಂದು ಬೀರಾನ್ ಮಗಳಿಗೆ ಹೇಳಿದರು. "ಮನೆ ನೋಡದೆ ಸೆಟ್ಟಿನ ನ್ಯಾಯ ಹೇಳಬಾರದು."

* * *

ಬಾಗಿಲು ತೆರೆದದ್ದು ಫಾಯಿಸನ ಅಜ್ಜಿ ಇಂಬಿಚ್ಚಿಬಿ. ಇಡೀ ಕೇರಿಗೆ ಅವರು ಉಮ್ಮಾಮ. ಕಿವಿಯುದ್ದಕ್ಕೂ ಚಿನ್ನದ ಅಲಿಕ್ಕತ್ತು ಓಲೆಗಳು, ಬಾಯಲ್ಲಿ ವೀಳ್ಯ.

"ಓ, ಇವಳಾ ಆ ಮೇಸ್ತ್ರಿ! ನಿನ್ನ ಬೈದುಕೊಂಡು ಹೋದ ಹುಡುಗ ನಿನ್ನ ಹೊಗಳಿಕೊಂಡು ಬಂದ, ಗೊತ್ತಾ?"

"ಉಮ್ಮಾಮಾ!" ಒಳಗಿನಿಂದ ಫಾಯಿಸ್ ಕೂಗಿದ.

ಜುಮಾನಳಿಗೆ ನಗು ತಡೆಯಲು ಕಷ್ಟವಾಯಿತು. ಬೈದವನಿಗೆ ಇಷ್ಟು ಬೇಗ ಕ್ಷಮೆಯೇ? ಛೇ, ಕೆಲಸ ನೋಡು ಜುಮಾನ!

ಸೆಟ್ಟು ಇದ್ದದ್ದು ಮಹಡಿಯ ದೊಡ್ಡ ಕೋಣೆಯಲ್ಲಿ. ಗೋಡೆಗೆ ಬಣ್ಣ ಬಳಿಯುತ್ತಿದ್ದರು. ಮಂಚವಿಲ್ಲ, ಕುರ್ಚಿಯಿಲ್ಲ, ಹಲಗೆಗಳೂ ಬಣ್ಣದ ಡಬ್ಬಿಗಳೂ ಗೋಡೆಗೊರಗಿದ್ದವು. ನಡುವೆ ಸೆಟ್ಟು, ಒಂದು ಹಳೇ ರೆಕಾರ್ಡ್ ಪ್ಲೇಯರು, ಒಂದು ಟೀವಿ. ಹಾಡು ಕೇಳಲೆಂದೇ ಒಂದು ಕೋಣೆ! ಅವಳಿಗೆ ಮನಸ್ಸಿನಲ್ಲೇ ಹೊಟ್ಟೆಕಿಚ್ಚಾಯಿತು.

"ಯಾಕೆ ಇಷ್ಟು ಅವಸರ ನಿಮಗೆ?" ಎಂದು ಕೇಳಿದಳು.

"ಒಬ್ಬಳಿಗೆ ಮಾತು ಕೊಟ್ಟಿದ್ದೀನಿ," ಎಂದ ಫಾಯಿಸ್. "ಈ ಕೋಣೇಲಿ ಮೊದಲ ಹಾಡು ಶುದ್ಧವಾಗಿ ಕೇಳಿಸ್ತೀನಿ ಅಂತ."

ಅವಳು ಆ ಮಾತನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ. ಆಗಲೇ ಸೆಟ್ಟಿನ ಮುಂದೆ ಕುಳಿತಾಗಿತ್ತು.

ವಾಲ್ಯೂಮ್ ತಗ್ಗಿಸಿದಳು. ಗುಂಯ್ ಸದ್ದೂ ತಗ್ಗಿತು.

"ನೋಡಿದ್ರಾ? ಸೆಟ್ಟಿನ ಹೊಟ್ಟೇಲಿ ತೊಂದರೆ ಇದ್ದಿದ್ರೆ ಇದು ತಗ್ತಿರಲಿಲ್ಲ. ಹೊರಗಿನ ವೈರಲ್ಲಿ ಬರ್ತಿದೆ."

ಒಂದೊಂದೇ ವೈರು ಕಿತ್ತಳು. ನಿಶ್ಶಬ್ದ. ರೆಕಾರ್ಡ್ ಪ್ಲೇಯರಿನ ವೈರು ಸಿಕ್ಕಿಸಿದಳು. ಆಗಲೂ ನಿಶ್ಶಬ್ದ. ಟೀವಿಯ ವೈರು ಸಿಕ್ಕಿಸಿದಳು...

ಗುಂಯ್ಯ್ಯ್!

"ಸಿಕ್ಕಿಬಿದ್ದ ಕಳ್ಳ!" ಜುಮಾನ ಚಪ್ಪಾಳೆ ತಟ್ಟಿದಳು. "ಟೀವಿ ಕೇಬಲ್ಲು! ಬೀದಿಯ ಗಲೀಜೆಲ್ಲ ಹೊತ್ತು ತರೋದು ಇದೇ."

ಟೀವಿಯಿಂದ ಕೇಬಲ್ಲನ್ನು ಬಿಚ್ಚಿ ಹಾಕಿದಳು. ಸದ್ದು ಕಡಿಮೆಯಾಯಿತು. ಉಮ್ಮಾಮ ಸುಲೈಮಾನಿ ಟೀ, ತಟ್ಟೆ ತುಂಬ ಬಾಳೆಹಣ್ಣಿನ ಸಿಹಿ ಉನ್ನಕ್ಕಾಯ ತಂದಿಟ್ಟು ತಿನ್ನದೆ ಬಿಡೆನೆಂದರು. ಗೆದ್ದ ಖುಷಿಯಲ್ಲಿ ಅವಳು ಚೆನ್ನಾಗಿಯೇ ತಿಂದಳು. ಫಾಯಿಸ್ ಮಾತ್ರ ತಲೆ ಓರೆ ಮಾಡಿಕೊಂಡು ನಿಂತಿದ್ದ.

"ಇನ್ನೂ ಇದೆ," ಎಂದ ಮೆಲ್ಲಗೆ.

"ಏನಿಲ್ಲ!"

"ಇದೆ ಜುಮಾನ. ಸಣ್ಣಗೆ."

ಹೆಸರು ಹಿಡಿದು ಕರೆದನಲ್ಲ... ಕೈಯಲ್ಲಿದ್ದ ಉನ್ನಕ್ಕಾಯವನ್ನು ತಟ್ಟೆಗೆ ಹಾಕಿದಳು. "ಅದು ನಿಮ್ಮ ಕಿವೀಲಿರೋದು!" ಎಂದು ಗದರಿ, ಸಾಮಾನು ಚೀಲಕ್ಕೆ ತುಂಬಿಕೊಂಡು ಇಳಿದುಹೋದಳು.

* * *

ಮರುದಿನ ಅಂಗಡಿ ತೆರೆಯುವ ಮೊದಲೇ ಫಾಯಿಸ್ ಹಾಜರು. "ಇನ್ನೂ ಇದೆ."

ಅದರ ಮರುದಿನ, "ಇದೆ." ಆಮೇಲೆ ಕೇಳಬೇಡಿ, ದಿನಾ ಒಂದು ನೆಪ. ಒಂದು ದಿನ ರೆಕಾರ್ಡ್ ಪ್ಲೇಯರಿನ ಮುಳ್ಳು, ಒಂದು ದಿನ ಸುಮ್ಮನೆ ಒಂದು ಸ್ಕ್ರೂ. ಕೊಬ್ಬರಿ ಮಂಡಿಗೂ ಸ್ಕ್ರೂವಿಗೂ ಏನು ಸಂಬಂಧ ಎಂದು ಬೀರಾನ್ ಕೇಳಲಿಲ್ಲ, ದೊಡ್ಡ ಮನುಷ್ಯರು!

ಅವನು ಬಂದರೆ ಉಪ್ಪನ ಪಕ್ಕದಲ್ಲೇ ಕುಳಿತುಕೊಳ್ಳುತ್ತಿದ್ದ. ಕೈ ನಡುಗಿ ಉಪ್ಪನ ಟೀ ಚೆಲ್ಲುವುದನ್ನು ಒಮ್ಮೆ ಕಂಡ. ಮರುದಿನದಿಂದ ಲೋಟದ ತಳವನ್ನು ತನ್ನ ಬೆರಳಲ್ಲಿ ಹಿಡಿದುಕೊಂಡು, ಏನೂ ಆಗಿಲ್ಲವೆನ್ನುವ ಹಾಗೆ ಹಳೇ ಹಾಡುಗಾರರ ಮಾತಾಡುತ್ತಾ ಕುಡಿಸುತ್ತಿದ್ದ. ಉಪ್ಪನಿಗೆ ಅದು ಗೊತ್ತಾಗಲಿಲ್ಲವೋ, ಗೊತ್ತಾಗದವರ ಹಾಗೆ ಇದ್ದರೋ... ಜುಮಾನ ಮಾತ್ರ ಬೆಸುಗೆಯ ಹೊಗೆಯನ್ನು ದೂರಿಕೊಂಡು ಕಣ್ಣೊರೆಸಿಕೊಂಡಳು.

ಯಾ ರಬ್ಬೇ... ಇದೇನಾಗ್ತಿದೆ ನನಗೆ?

ಆಗುವುದು ಆಗಿಯೇ ಹೋಗಿತ್ತು. ಆದರೆ ಅವಳ ಭಯ ಬೇರೆಯೇ ಇತ್ತು.

ಮಂಜೇರಿಯ ಚಿಕ್ಕಮ್ಮ ವಾರಕ್ಕೊಂದು ಸಂಬಂಧ ಹೇಳುತ್ತಿದ್ದರು. ಎಲ್ಲದಕ್ಕೂ ಜುಮಾನ ಬೇಡ ಎಂದದ್ದೇ. ಹುಡುಗರು ಕೆಟ್ಟವರೆಂದಲ್ಲ. ಮದುವೆಯಾದರೆ ಗಂಡನ ಮನೆಗೆ ಹೋಗಬೇಕು. ಹೋದರೆ ಉಪ್ಪನಿಗೆ ಯಾರು? ಅವರ ಕೈಯಾಗಿ ಈ ಮೇಜಿನ ಮುಂದೆ ಕೂರುವವರು ಯಾರು? ಅವರೊಬ್ಬರನ್ನೇ ಬಿಟ್ಟು ಹೋಗುವ ಯೋಚನೆ ಬಂದರೆ ಅವಳಿಗೆ ಅನ್ನ ಸೇರುತ್ತಿರಲಿಲ್ಲ.

ಫಾಯಿಸ್ ಆದರೂ ಅಷ್ಟೇ ತಾನೇ... ಅವನೂ ಒಂದು ದಿನ ಕರೆದುಕೊಂಡು ಹೋಗುವವನೇ. ಹೀಗೆಂದು ಮನಸ್ಸಿಗೆ ಬುದ್ಧಿ ಹೇಳುವಳು. ಬೆಳಿಗ್ಗೆ ಓಣಿಯಲ್ಲಿ ಅವನ ಬೈಕಿನ ಸದ್ದಾದರೆ ಅದೇ ಮನಸ್ಸು ಕುಣಿಯುವುದು!

* * *

"ಇವತ್ತು ಆ ಸದ್ದಿನ ಗತಿ ಕಾಣಿಸಿಯೇ ಬಿಡ್ತೀನಿ!" ಎಂದು ಸವಾಲು ಹಾಕಿ ಅವಳು ಮತ್ತೆ ಕುಟ್ಟಿಚ್ಚಿರಕ್ಕೆ ಹೋದಳು.

ಕೋಣೆಯ ಬಾಗಿಲಲ್ಲೇ ಬೆರಗಾಗಿ ನಿಂತಳು. ಹಲಗೆ, ಡಬ್ಬಿ ಒಂದೂ ಇಲ್ಲ. ಕೆತ್ತನೆಯ ದೊಡ್ಡ ಮಂಚ, ಗೋಡೆಗೆ ಆಳೆತ್ತರದ ಕನ್ನಡಿ, ಕಿಟಕಿಗೆ ಜರಿಯ ಪರದೆ. ಹಾಡು ಕೇಳುವ ಕೋಣೆಗೆ ಇಷ್ಟೆಲ್ಲ ಶೃಂಗಾರವೇ?

ಕೇಳೋಣವೆಂದರೆ ಫಾಯಿಸ್ ಆಗಲೇ ಸೆಟ್ಟು ಹಚ್ಚಿ ಕಾಯುತ್ತಿದ್ದ. ಸ್ಪೀಕರಿಗೆ ಕಿವಿಯಿಟ್ಟಳು. ಹೌದು. ಸಣ್ಣಗೆ, ಹಟ ಹಿಡಿದಂತೆ, ಗುಂಯ್...

"ನಿಮ್ಮ ಕಿವಿಗೆ ಕ್ಷಮೆ ಕೇಳ್ತೀನಿ, ಮುದಲಾಳಿ. ಕೇಬಲ್ಲು ಒಂದೇ ಅಲ್ಲ, ನಾನೇ ತಪ್ಪಿದೆ. ಇನ್ನೂ ಏನೋ ಇದೆ."

"ಮೇಸ್ತ್ರಿ ಕ್ಷಮೆ ಕೇಳಿದ್ದನ್ನ ರೆಕಾರ್ಡ್ ಮಾಡಿ ಇಟ್ಕೋಬೇಕಿತ್ತು!"

"ಸುಮ್ನಿರಿ!"

ಈ ಸಲ ಕರೆಂಟಿನ ವೈರು ಹಿಡಿದು ಹೊರಟಳು. ಟೀವಿಯ ಪ್ಲಗ್ಗು ಮನೆಯ ಹಳೇ ಸ್ವಿಚ್ ಬೋರ್ಡಿಗೆ. ಸರಿ. ಸೆಟ್ಟಿನ ಪ್ಲಗ್ಗು ಮಂಚದ ಹಿಂದಿನ ಹೊಸ ಸಾಕೆಟ್ಟಿಗೆ. ಅದರಿಂದ ಹೊರಟ ಒಂದು ಹಸಿರು ವೈರು ನೇರವಾಗಿ ಕಿಟಕಿಯಿಂದಾಚೆ... ಹೋದ ಸಲ ಹಲಗೆಗಳ ಹಿಂದೆ ಇದು ಕಂಡಿರಲೇ ಇಲ್ಲ!

"ಇದೇನು?"

ಫಾಯಿಸನ ಮುಖ ಅರಳಿತು. "ಅದಾ? ಅರ್ಥಿಂಗು! ಸೆಟ್ಟಿಗೆ ಅಂತಲೇ ಬೇರೆ ಗುಂಡಿ. ನಾನೇ ಅಗೆದದ್ದು. ಉಪ್ಪು, ಇದ್ದಿಲು ಎಲ್ಲ ಹಾಕಿ, ತಾಮ್ರದ ತಗಡು ಇಟ್ಟು! ಒಳ್ಳೇ ಸೆಟ್ಟಿಗೆ ಸ್ವಂತ ಗುಂಡಿ ಬೇಕು ಅಂತ ನಮ್ಮ ಗೆಳೆಯರೆಲ್ಲ ಹೇಳ್ತಾರೆ." ಅಂಗೈ ಚಾಚಿದ. "ಬೊಬ್ಬೆ ನೋಡಿ ಬೇಕಾದ್ರೆ!"

"ನನ್ನ ಮೈಲಾಂಜಿ ಗಿಡ ಸತ್ತದ್ದು ಅದರ ಉಪ್ಪಿಗೇ!" ಉಮ್ಮಾಮ ಬಾಗಿಲಿಂದ ತಮ್ಮ ಮದರಂಗಿಯ ಪರವಾಗಿ ದೂರು ಕೊಟ್ಟರು.

ಜುಮಾನ ಅಂಗೈ ನೋಡಿದಳು, ಹಸಿರು ವೈರು ನೋಡಿದಳು. ನಗು ಉಕ್ಕಿ ಬಂತು. ತಲೆಗೆ ಕೈ ಹೊತ್ತು ನೆಲದ ಮೇಲೇ ಕುಳಿತು ನಕ್ಕಳು.

"ಅಯ್ಯೋ ಮುದಲಾಳೀ! ಟೀವಿಗೆ ಮನೆಯ ಗುಂಡಿ, ಸೆಟ್ಟಿಗೆ ನಿಮ್ಮ ಗುಂಡಿ. ಎರಡನ್ನೂ ಹಾಡಿನ ವೈರಿಂದ ಜೋಡಿಸಿಬಿಟ್ಟಿದ್ದೀರಿ. ಎರಡು ಗುಂಡಿ ಯಾವತ್ತೂ ಒಂದೇ ಸಮ ಇರಲ್ಲ. ವ್ಯತ್ಯಾಸದ ಕರೆಂಟು ಆ ವೈರಲ್ಲೇ ಓಡಾಡ್ತಿದೆ. ನೀವು ಬೊಬ್ಬೆ ಬರಿಸಿಕೊಂಡು ಅಗೆದಿರೋದು ಆ ಗುಂಯ್ ಸದ್ದನ್ನೇ!"

"ಹಾಗಾದ್ರೆ... ಸೆಟ್ಟಿನ ಅರ್ಥಿಂಗೇ ಕಿತ್ತು ಹಾಕೋಣವಾ?"

"ಮುಟ್ಟಿದ್ರೆ ನೋಡಿ!" ಅವಳು ಎಷ್ಟು ಜೋರಾಗಿ ಕೂಗಿದಳೆಂದರೆ ಅವನ ಕೈ ಹಾಗೇ ನಿಂತುಬಿಟ್ಟಿತು. "ಅರ್ಥಿಂಗ್ ಇಲ್ಲದ ಸೆಟ್ಟು ಯಾವತ್ತಾದ್ರೂ ಮುಟ್ಟಿದವರ ಜೀವ ತೆಗೆಯುತ್ತೆ! ಸದ್ದು ಹೋಗಲಿ ಅಂತ ಜೀವ ಪಣಕ್ಕಿಡ್ತಾರಾ ಯಾರಾದ್ರೂ?"

ಕೂಗಿದ ಮೇಲೆ ಅವಳ ದನಿ ನಡುಗಿತು. ಅವನು ಅದನ್ನು ಗಮನಿಸಿದ.

ಅವಳೇ ಎದ್ದು, ಮೇನ್ ಸ್ವಿಚ್ ಆರಿಸಿ ಹಸಿರು ವೈರನ್ನು ಬಿಚ್ಚಿದಳು. ಮತ್ತೆ ಕರೆಂಟು ಹಾಕಿ, ಸೆಟ್ಟಿನ ಪ್ಲಗ್ಗನ್ನು ಟೀವಿ ಇದ್ದ ಹಳೇ ಬೋರ್ಡಿಗೇ ಚುಚ್ಚಿದಳು. ಈಗ ಎರಡಕ್ಕೂ ಒಂದೇ ಗುಂಡಿ. ಉಸಿರು ಬಿಗಿಹಿಡಿದು ಸ್ವಿಚ್ ಒತ್ತಿದಳು.

ಏನೂ ಇಲ್ಲ! ವಾಲ್ಯೂಮ್ ಪೂರ್ತಿ ತಿರುಗಿಸಿದರೂ ಗುಂಯ್ ಇಲ್ಲ!

ಫಾಯಿಸ್ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದ. ಹಾರ್ಮೋನಿಯಂ ಎದ್ದಿತು. ಹಾಡು ಶುರುವಾಗುವ ಮೊದಲು ಹಾಡುಗಾರ ಮೆಲ್ಲಗೆ ಉಸಿರು ಎಳೆದುಕೊಂಡದ್ದು ಇಬ್ಬರಿಗೂ ಕೇಳಿಸಿತು.

"ಕೇಳಿಸ್ತಾ?" ಅವನ ಕಣ್ಣು ತುಂಬಿತ್ತು.

"ಹೂಂ..." ಅವಳದೂ ತುಂಬಿತ್ತು.

ನಾನು ಕಟ್ಟಿದ ಸೆಟ್ಟು! ಇಷ್ಟು ಚೆನ್ನಾಗಿ ಹಾಡ್ತಿದೆ! ಇವನ ಪಕ್ಕ ಹೀಗೇ ಕೂತು ಕೇಳ್ತಾನೇ ಇರೋಣ ಅನ್ನಿಸ್ತಿದೆಯಲ್ಲ...

ಸರಿಯಾಗಿ ಆಗಲೇ ಉಮ್ಮಾಮ ಒಳಗೆ ಬಂದು ಹೊಸ ಹಾಸಿಗೆಯನ್ನು ತಟ್ಟಿದರು. "ಅಲ್ಹಮ್ದುಲಿಲ್ಲಾ! ಭಾನುವಾರ ನಿಕಾಹ್. ಮದುಮಕ್ಕಳು ಇನ್ನು ಇದೇ ಕೋಣೇಲಿ ಇರೋದು. ಇವನು ಈ ಹಾಡಿಗೋಸ್ಕರ ಇಷ್ಟು ಒದ್ದಾಡಿದ್ದು ಮತ್ತೆ ಯಾಕೆ ಅಂದ್ಕೊಂಡೆ?"

ಮದುಮಕ್ಕಳು... ಇದೇ ಕೋಣೆ...

ಜುಮಾನಳ ಕೈಯಿಂದ ಸ್ಕ್ರೂಡ್ರೈವರು ಜಾರಿತು.

‘ಒಬ್ಬಳಿಗೆ ಮಾತು ಕೊಟ್ಟಿದ್ದೀನಿ’ ಎಂದಿದ್ದನಲ್ಲ! ಮಂಜೇರಿಯಲ್ಲಿ ಹುಡುಗನ ಮನೆಯಲ್ಲಿ ಕೋಣೆಗೆ ಬಣ್ಣ ಬಳಿದು ಹೊಸ ಮಂಚ ತಂದರೆ ಅದರ ಅರ್ಥ ಒಂದೇ, ಆ ಹುಡುಗನಿಗೆ ಮದುವೆ. ಬರುವ ಹೆಂಡತಿಗಾಗಿ ಅವನು ಕೋಣೆ ಸಿಂಗರಿಸುತ್ತಿದ್ದಾನೆ. ಅದಕ್ಕೆ ಹಾಡು ಕೂಡಿಸಿಕೊಟ್ಟದ್ದು... ನಾನು!

"ನಾನು ಬರ್ತೀನಿ," ಎಂದಳು.

"ಇಷ್ಟು ಬೇಗ? ಜುಮಾನ, ನಿಮ್ಮ ಹತ್ರ ಒಂದು ಮಾತು..."

"ಕೆಲಸ ಮುಗೀತಲ್ಲ. ಮತ್ತೆ ಗೊಣಗಿದ್ರೆ ಬೇರೆ ಯಾರನ್ನಾದ್ರೂ ಕರ್ಕೊಳ್ಳಿ!"

ಮೆಟ್ಟಿಲಿಳಿದು ಕೆರೆಯ ದಂಡೆ ದಾಟುವವರೆಗೆ ತಡೆದುಕೊಂಡಳು. ಆಮೇಲೆ ಆಗಲಿಲ್ಲ, ಅತ್ತೇಬಿಟ್ಟಳು.

* * *

ಮರುದಿನ ಫಾಯಿಸ್ ಬಂದಾಗ ಅವಳು ಅಂಗಡಿಯ ಮೇಲಿನ ಮನೆಯಿಂದ ಇಳಿಯಲಿಲ್ಲ. ಅದರ ಮರುದಿನವೂ ಅಷ್ಟೇ. ಬೀರಾನ್ ಬಡಪಾಯಿ, ಮಾತಿನ ನಡುವೆ "ಮಂಜೇರಿಯಿಂದ ಇವಳನ್ನ ನೋಡೋಕೆ ಬರ್ತಾರಂತೆ" ಎಂದುಬಿಟ್ಟರು. ಫಾಯಿಸ್ ಹಿಡಿದಿದ್ದ ಟೀ ಲೋಟವನ್ನು ಕೆಳಗಿಟ್ಟ. ಓಹ್... ಇದಕ್ಕೇನಾ ಅವಳು ಮುಖ ತಪ್ಪಿಸ್ತಿರೋದು? ಎಂದುಕೊಂಡು ತೆಪ್ಪಗೆ ಎದ್ದು ಹೋದ.

"ಮೋಳೇ, ಫಾಯಿಸಿನ ಮನೇಲಿ ಭಾನುವಾರ ಮದುವೆ. ಕರೆದಿದ್ದಾನೆ..."

"ಆ ಮಾತು ಬೇಡ ಉಪ್ಪ! ನೀವು ಹೋಗಿ ಬನ್ನಿ. ನಾನು ಬರಲ್ಲ."

ಇಬ್ಬರದೂ ಎಂಥಾ ಬುದ್ಧಿ ನೋಡಿ! ಬಾಯಿ ಬಿಟ್ಟು ಒಂದು ಮಾತು ಕೇಳಿದ್ದರೆ ಮುಗಿಯುತ್ತಿತ್ತು. ಪ್ರೀತಿ ಮಾಡುವವರಿಗೆ ಅಷ್ಟು ಬುದ್ಧಿ ಇದ್ದರೆ ಕಥೆ ಹೇಳುವ ನಮ್ಮಂಥವರಿಗೆ ಕೆಲಸವೇ ಇರುತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಉಪ್ಪ ಹೊಸ ಅಂಗಿ ತೊಟ್ಟು ಹೊರಡುವಾಗಲೇ ಫೋನು ಬಂತು. ಉಮ್ಮಾಮ!

"ಮೋಳೇ, ಸೆಟ್ಟು ಮತ್ತೆ ಗೊಣಗ್ತಿದೆ! ಮನೆ ತುಂಬ ಜನ, ಮಾನ ಹೋಗುತ್ತೆ. ಬೇಗ ಬಾ!"

"ಉಮ್ಮಾಮ, ನಾನು..."

"ನೀನು ಕಟ್ಟಿದ ಸೆಟ್ಟು ಅಂತ ಕೇರಿಗೆಲ್ಲ ಹೇಳಿದ್ದೀನಿ. ಎಲ್ಲರೂ ಕೇಳ್ತಿದ್ದಾರೆ. ನಿನ್ನಿಷ್ಟ!"

ಫೋನು ಕಟ್ಟಾಯಿತು. ಕೋಪ, ಅಳು, ರೋಷ... ಮೂರೂ ಸೇರಿ ಅವಳ ತಲೆ ಗಿರ್ರೆಂದಿತು. ಕೊನೆಗೆ ರೋಷವೇ ಗೆದ್ದಿತು. ನನ್ನ ಸೆಟ್ಟು ಗೊಣಗಬಾರದು. ಮದುವೆ ಯಾರದ್ದಾದರೂ ಆಗಲಿ!

* * *

ಬಿರಿಯಾನಿಯ ಘಮ, ಅತ್ತರಿನ ವಾಸನೆ, ಕೈ ತಟ್ಟಿ ಒಪ್ಪನದ ಹಾಡು ಹೇಳುತ್ತಿದ್ದ ಹುಡುಗಿಯರು. ಉಪ್ಪನನ್ನು ಜಗಲಿಯ ಗಂಡಸರ ಜೊತೆ ಕೂರಿಸಿ ಜುಮಾನ ತಲೆ ತಗ್ಗಿಸಿಕೊಂಡು ಮಹಡಿ ಹತ್ತಿದಳು.

ಕೋಣೆಯಲ್ಲಿ ಮದುಮಗಳು ಒಬ್ಬಳೇ ಇದ್ದಳು. ಮೈತುಂಬ ಚಿನ್ನ, ಮಂಚದ ಮೇಲೆ ಕುಳಿತು ಕಾಲಾಡಿಸುತ್ತಿದ್ದಳು. ಚೆಂದದ ಹುಡುಗಿ. ಜುಮಾನ ಕಣ್ಣು ತಪ್ಪಿಸಿ ಸೆಟ್ಟಿನ ಕಡೆ ತಿರುಗಿದಳು.

ಸ್ಪೀಕರು ಗುಂಯ್ ಎನ್ನುತ್ತಿತ್ತು. ಮಂಚದ ಹಿಂದೆ ಬಗ್ಗಿ ನೋಡಿದಳು. ಹಸಿರು ವೈರನ್ನು ಯಾರೋ ಮತ್ತೆ ಜೋಡಿಸಿದ್ದರು! ಪ್ಲಗ್ಗು ಮತ್ತೆ ಆ ಹೊಸ ಸಾಕೆಟ್ಟಿಗೆ!

"ಇದನ್ನ ಯಾರು ಹೀಗೆ ಮಾಡಿದ್ದು?"

"ನಾನು!" ಎಂದಳು ಮದುಮಗಳು, ಒಂದಿಷ್ಟೂ ನಾಚದೆ.

ಜುಮಾನ ತುಟಿ ಕಚ್ಚಿಕೊಂಡಳು. ಮೇನ್ ಆರಿಸಿ ವೈರು ಬಿಚ್ಚಿ, ಪ್ಲಗ್ಗು ಬದಲಿಸಿದಳು. ಸದ್ದು ನಿಂತಿತು. ಎದ್ದು ನಿಂತು, ಎಷ್ಟೋ ಕಷ್ಟಪಟ್ಟು ನಗು ತಂದುಕೊಂಡಳು.

"ಮುಬಾರಕ್. ನಿಮಗೋಸ್ಕರ ಫಾಯಿಸ್ ತುಂಬ ಕಷ್ಟಪಟ್ಟಿದ್ದಾರೆ. ಒಳ್ಳೆಯವರು... ನಿಮ್ಮನ್ನ ಚೆನ್ನಾಗಿ ನೋಡ್ಕೋತಾರೆ."

ಮದುಮಗಳು ಮೈಮೇಲಿನ ಚಿನ್ನವೆಲ್ಲ ಝಣಝಣ ಎನ್ನುವ ಹಾಗೆ ಬಿದ್ದು ಬಿದ್ದು ನಕ್ಕಳು.

"ಉಮ್ಮಾಮಾ! ಓಡಿ ಬನ್ನಿ! ಇವಳು ನನ್ನನ್ನ ಅಣ್ಣನಿಗೇ ಮದುವೆ ಮಾಡಿಬಿಟ್ಟಳು!"

"ಅ... ಅಣ್ಣ?"

"ಹೂಂ! ನಾನು ನಶ್ವ, ಅವನ ತಂಗಿ! ತ್ರಿಶೂರಿನ ಕಾಲೇಜಿಂದ ಮೊನ್ನೆ ತಾನೇ ಬಂದೆ. ನನ್ನ ಮದುಮಗ, ನಮ್ಮ ಪುದಿಯಾಪ್ಪಿಳ, ಸಂಜೆಗೆ ಬರ್ತಾನೆ."

"ಆದ್ರೆ ಈ ಕೋಣೆ... ಮದುಮಗಳು ನೀವಾದ್ರೆ ನೀವು ಗಂಡನ ಮನೆಗೆ..."

ಉಮ್ಮಾಮ ಏದುಸಿರು ಬಿಡುತ್ತಾ ಬಂದು ಎಲ್ಲ ಕೇಳಿಸಿಕೊಂಡರು, ಹಣೆ ಚಚ್ಚಿಕೊಂಡರು. "ಮಂಜೇರಿ ಹುಡುಗಿ ಅಲ್ವಾ, ಗೊತ್ತಾಗೋದು ಹೇಗೆ! ಮೋಳೇ, ನಾವು ಕುಟ್ಟಿಚ್ಚಿರದ ಕೋಯಗಳು. ನಮ್ಮ ಹೆಣ್ಣುಮಕ್ಕಳು ಮದುವೆಯಾಗಿ ಎಲ್ಲಿಗೂ ಹೋಗಲ್ಲ. ಗಂಡಂದಿರೇ ಹೆಣ್ಣಿನ ಮನೆಗೆ ಬರ್ತಾರೆ. ಈ ಕೋಣೆ ನಶ್ವಳದು. ನಾನೂ ಈ ಮನೇಲೇ ಹುಟ್ಟಿದ್ದು, ಈ ಮನೇಲೇ ಮದುಮಗಳಾದದ್ದು."

ಜುಮಾನ ಮಂಚದ ಅಂಚಿನಲ್ಲಿ ಕುಳಿತುಬಿಟ್ಟಳು. ನಾಚಿಕೆ, ಖುಷಿ, ಮತ್ತೆ ನಾಚಿಕೆ!

"ಅಣ್ಣ ದಿನಾ ಫೋನಲ್ಲಿ ನಿನ್ನ ಪುರಾಣವೇ," ನಶ್ವ ಕಿವಿಯಲ್ಲಿ ಹೇಳಿದಳು. "ಯಾವ ವೈರು ಎಲ್ಲಿ, ನೀನು ಏನಂದೆ, ಹೇಗೆ ನಕ್ಕೆ... ನನಗೆ ಎಲ್ಲ ಬಾಯಿಪಾಠ. ಈಗ ನೋಡಿದ್ರೆ ಊಟ ಬಿಟ್ಟು ಕೂತಿದ್ದಾನೆ. ಅದಕ್ಕೇ ಆ ವೈರು ಜೋಡಿಸಿದೆ. ನೀನು ಮತ್ತೆ ಹೇಗೆ ಬರ್ತಿದ್ದೆ, ಹೇಳು?"

ಅಷ್ಟರಲ್ಲಿ ಬಾಗಿಲಲ್ಲಿ ಫಾಯಿಸ್! ಅವಳನ್ನು ಕಂಡು ಬೊಂಬೆಯ ಹಾಗೆ ನಿಂತ.

"ನೀವು... ಬಂದ್ರಾ? ಮಂಜೇರಿಯೋರು..."

"ಅವರಿಗೆ ಬರೋದು ಬೇಡ ಅಂತ ನಿನ್ನೆಯೇ ಹೇಳಿ ಕಳಿಸಿದೆ," ಎಂದಳು ಜುಮಾನ. ತನ್ನ ದನಿ ತನಗೇ ಕೇಳಿಸಲಿಲ್ಲ.

ನಶ್ವ ಅಣ್ಣನ ಬೆನ್ನಿಗೊಂದು ಗುದ್ದಿದಳು. "ಹೇಳು!"

"ಜುಮಾನ, ಇನ್ನು ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ. ನನಗೆ ಯಾವ ಸ್ಕ್ರೂವೂ ಬೇಕಿರಲಿಲ್ಲ. ನೀವು ಬೇಕಿತ್ತು. ನಿಮ್ಮನ್ನ ಪ್ರೀತಿಸ್ತೀನಿ. ಮದುವೆ ಆಗ್ತೀರಾ?"

ಎಷ್ಟು ದಿನದಿಂದ ಕಾದ ಮಾತು! ಅವಳ ಕಣ್ಣು ತುಂಬಿ ಹರಿಯಿತು. ಆದರೂ ತಲೆ ಅಲ್ಲಾಡಿಸಿದಳು.

"ನನಗೂ... ನನಗೂ ಅಷ್ಟೇ. ಆದ್ರೆ ಉಪ್ಪನನ್ನ ಬಿಟ್ಟು ಬರೋಕಾಗಲ್ಲ. ಅವರ ಕೈ ನಾನೇ. ಆ ಮೇಜು ಬಿಟ್ಟು ನಾನು ಎಲ್ಲಿಗೂ ಬರಲಾರೆ, ಫಾಯಿಸ್!"

ಫಾಯಿಸ್ ಉಮ್ಮಾಮನ ಮುಖ ನೋಡಿದ. ಉಮ್ಮಾಮ ಅವನ ಮುಖ ನೋಡಿದರು.

"ಇಷ್ಟು ಹೊತ್ತು ನಾನು ಹೇಳಿದ್ದು ಇವಳ ಕಿವಿಗೇ ಬೀಳಲಿಲ್ಲ!" ಎಂದು ಉಮ್ಮಾಮ ಧಡಧಡನೆ ಇಳಿದುಹೋದರು. ಹಿಂದೆಯೇ ಫಾಯಿಸ್, ಅವನ ಹಿಂದೆ ಏನೂ ತಿಳಿಯದೆ ಜುಮಾನ.

ಜಗಲಿಯಲ್ಲಿ ಬೀರಾನ್ ಗಂಡಸರ ನಡುವೆ ಕುಳಿತು ಎಡಗೈಯಲ್ಲಿ ನಿಧಾನವಾಗಿ ಉಣ್ಣುತ್ತಿದ್ದರು.

"ಬೀರಾನೇ, ನನ್ನ ಮೊಮ್ಮಗನಿಗೆ ನಿಮ್ಮ ಮಗಳನ್ನ ಕೇಳ್ತಿದ್ದೀನಿ," ಎಂದರು ಉಮ್ಮಾಮ ಪೀಠಿಕೆಯಿಲ್ಲದೆ.

ಬೀರಾನರ ಮುಖದಲ್ಲಿ ಮೊದಲು ಖುಷಿ ಕಂಡಿತು. ಆಮೇಲೆ ಬಲಗೈಯ ನಡುಕ ಜಾಸ್ತಿಯಾಯಿತು. ಅದನ್ನು ಎಡಗೈಯಿಂದ ಮುಚ್ಚಿಕೊಂಡರು.

"ಒಳ್ಳೇದೇ... ತುಂಬ ಒಳ್ಳೇದು. ಅವಳು ಸುಖವಾಗಿರಬೇಕು, ಅಷ್ಟೇ. ಯಾವಾಗ... ಯಾವಾಗ ಕರ್ಕೊಂಡು ಹೋಗ್ತೀರಿ?"

"ಕರ್ಕೊಂಡು ಹೋಗೋದಾ? ಈ ಊರಲ್ಲಿ ಇಷ್ಟು ವರ್ಷ ಅಂಗಡಿ ಇಟ್ಟು ಹೀಗೆ ಕೇಳ್ತೀರಲ್ಲ ಬೀರಾನೇ! ನಮ್ಮ ಹುಡುಗರು ಹೆಣ್ಣು ಕರ್ಕೊಂಡು ಬರಲ್ಲ. ಇವನನ್ನೇ ತಂದು ನಿಮ್ಮನೇಲಿ ಬಿಟ್ಟು ಹೋಗ್ತೀವಿ. ಜಾಗ ಇದೆಯಾ?"

ಬೀರಾನ್ ಎಲ್ಲರೆದುರು ಮಗುವಿನ ಹಾಗೆ ಅತ್ತುಬಿಟ್ಟರು. ಫಾಯಿಸ್ ಮಂಡಿಯೂರಿ ಅವರ ನಡುಗುವ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದುಕೊಂಡ.

ಜುಮಾನ ಕಂಬಕ್ಕೊರಗಿ ನಿಂತಿದ್ದಳು. ಉಪ್ಪನನ್ನು ಬಿಡಬೇಕಿಲ್ಲ. ಮೇಜು ಬಿಡಬೇಕಿಲ್ಲ. ಇವನನ್ನೂ ಬಿಡಬೇಕಿಲ್ಲ! ಇಷ್ಟು ದಿನ ಎದೆಯ ಮೇಲೆ ಹೊತ್ತಿದ್ದ ಭಾರ ಇಳಿದು, ಅವಳಿಗೆ ಅಲ್ಲೇ ಕುಣಿಯಬೇಕೆನ್ನಿಸಿತು.

ಫಾಯಿಸ್ ಎದ್ದು ಅವಳ ಬಳಿ ಬಂದ. "ನಿಮ್ಮ ಬಾಯಿಂದ ಇನ್ನೂ ಉತ್ತರ ಬಂದಿಲ್ಲ."

"ನಮ್ಮನೇಲಿ ಬೆಳಿಗ್ಗೆ ಗಂಜಿ, ಹೆಸರುಕಾಳು. ಪುದಿಯಾಪ್ಪಿಳ ಬಂದ ಅಂತ ದಿನಾ ಹಬ್ಬದಡುಗೆ ಮಾಡೋರು ಯಾರೂ ಇಲ್ಲ."

"ಗಂಜಿ ನಾನೇ ಬೇಯಿಸ್ತೀನಿ."

"ಉಪ್ಪ ರಾತ್ರಿಯೆಲ್ಲ ಕೆಮ್ತಾರೆ."

"ಎದ್ದು ನೀರು ಕಾಯಿಸಿ ಕೊಡ್ತೀನಿ."

"ಕೆಲಸದ ಹೊತ್ತಲ್ಲಿ ನಾನು ಯಾರ ಜೊತೆಗೂ ಮಾತಾಡಲ್ಲ."

"ಪಕ್ಕದಲ್ಲಿ ಸುಮ್ನೆ ಕೂತಿರ್ತೀನಿ, ಜುಮಾನ."

ಅವಳ ಹತ್ತಿರ ಇನ್ನು ಯಾವ ನೆಪವೂ ಉಳಿದಿರಲಿಲ್ಲ. ತಲೆ ತಗ್ಗಿಸಿ, ಅವನಿಗೆ ಮಾತ್ರ ಕೇಳಿಸುವ ಹಾಗೆ ಹೇಳಿದಳು.

"ಹಾಗಾದ್ರೆ... ಬನ್ನಿ."

"ಯಾವಾಗ?"

"ಮೊದಲು ಉಪ್ಪ ಕಣ್ಣೊರೆಸಿಕೊಳ್ಳಲಿ. ದಿನ ಅವರೇ ಹೇಳ್ತಾರೆ."